ಸಿಲಿಂಡರಿಗೆ ಕಂಬಳಿ ಬೇಕೇ?

ಚಳಿಯಲ್ಲಿ ಕಂಬಳಿ ಹೊದ್ದರೆ ನಮಗೆ ಬೆಚ್ಚಗಾಗುತ್ತದೆ. ಹಾಗಾದರೆ ಚಳಿಗೆ ಮಂಕಾದ ಗ್ಯಾಸ್ ಸಿಲಿಂಡರಿಗೂ ಒಂದು ಕಂಬಳಿ ಹೊದಿಸಿದರೆ ಅದು ಚೆನ್ನಾಗಿ ಉರಿಯುತ್ತದೆಯೇ? ಮಕ್ಕಳೇ, ಮುಂದೆ ಓದುವ ಮೊದಲು ಒಂದು ಕ್ಷಣ ಯೋಚಿಸಿ. ಪಕ್ಕದಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಕೇಳಿ. ಈ ಪ್ರಶ್ನೆ ನಮ್ಮ ಮುಂದೆ ಬಂದದ್ದು ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಬುಡದಲ್ಲಿ.

ನನ್ನ ಮಗ ಹಳೆಯ ಟೆಂಪೊ ಒಂದನ್ನು ಗಾಲಿಯ ಮನೆಯನ್ನಾಗಿ ಮಾಡಿಕೊಂಡಿದ್ದಾನೆ. ಒಳಗೆ ಮಲಗಲು ಹಲಗೆ, ಒಂದು ಸಣ್ಣ ಕಪಾಟು, ಹಿಂದಿನ ಬಾಗಿಲ ಬಳಿ ಒಲೆ, 5 ಕಿಲೋ ಸಿಲಿಂಡರು. ಕಳೆದ ಚಳಿಗಾಲದಲ್ಲಿ ನಾನು, ನನ್ನ ಹೆಂಡತಿ, ಮಗ, ಇಬ್ಬರು ಮೊಮ್ಮಕ್ಕಳು, ಹೀಗೆ ಐವರು ಅದರಲ್ಲಿ ಹೊರಟೆವು. ಚಳ್ಳಕೆರೆಯಲ್ಲಿ ಎರಡು ಕರಿ ಕಂಬಳಿ ಕೊಂಡೆವು. ಕಂಬಳಿಗೆ ಆ ಊರು ಹೆಸರುವಾಸಿ.

ರಾವಣನೊಡನೆ ಹೋರಾಡಿದ ಜಟಾಯು ಬಿದ್ದದ್ದು ಈ ಬೆಟ್ಟದ ಮೇಲೆ ಎಂದು ಸುತ್ತಲಿನವರು ನಂಬುತ್ತಾರೆ. ಮೇಲೆ ರಾಮೇಶ್ವರನ ಗುಡಿ ಇದೆ. ಅಲ್ಲಿಯೇ ಒಂದು ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನ ಇದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಈ ಶಾಸನವನ್ನೂ ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳ ಶಾಸನಗಳನ್ನೂ ಬೆಳಕಿಗೆ ತಂದರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹಾಕುತ್ತಿದ್ದುದರಿಂದ ಶಾಸನದ ಬಂಡೆಗೆ ಬಳೆಗಾರರ ಗುಂಡು ಎಂಬ ಹೆಸರು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು, ಗುರುಗಳನ್ನು ಗೌರವಿಸಬೇಕು ಎಂಬುದು ಈ ಶಾಸನಗಳ ಬುದ್ಧಿಮಾತು.

ಬೆಳಗ್ಗೆ ಬೇಗ ಬೆಟ್ಟ ಹತ್ತುವುದೆಂದು ರಾತ್ರಿ ಬುಡದಲ್ಲೇ ಉಳಿದೆವು. ಬಯಲುಸೀಮೆಯ ಚಳಿ ಎಂದರೆ ಹಗುರವಲ್ಲ. ಹಗಲು ಬಿಸಿಲು ಸುಟ್ಟರೂ ಬೆಳಗಿನ ಜಾವದ ಗಾಳಿ ಕಿವಿ ಕೊರೆಯುತ್ತದೆ.

ಬೆವರಿದ ಸಿಲಿಂಡರು

ಎಲ್ಲರ ಸ್ನಾನಕ್ಕೆ ನೀರು ಕಾಯಿಸಲೆಂದು ಮಗ ಸಿಲಿಂಡರನ್ನು ಹೊರಗಿಟ್ಟು ದೊಡ್ಡ ಬರ್ನರು ಹಚ್ಚಿದ. ಅನಿಲ ಅರ್ಧಕ್ಕಿಂತ ಕಡಿಮೆ ಇತ್ತು. ಮೊದಲ ಹಂಡೆ ಕಾಯಿತು. ಎರಡನೆಯದಕ್ಕೆ ಉರಿ ಸಣ್ಣಗಾಯಿತು. ಮೂರನೆಯದಕ್ಕೆ ದೀಪದ ಕುಡಿಯಷ್ಟಾಯಿತು.

"ತಾತಾ, ಸಿಲಿಂಡರ್ ಬೆವರ್ತಾ ಇದೆ!" ಎಂದು ಮೊಮ್ಮಗಳು ಕೂಗಿದಳು. ನಿಜ, ಅದರ ಬುಡದ ಸುತ್ತ ನೀರಹನಿ ಕೂತಿತ್ತು. ಮುಟ್ಟಿದರೆ ಐಸ್‌ಕ್ರೀಂ ಡಬ್ಬಿ ಮುಟ್ಟಿದ ಹಾಗೆ. ಅಲುಗಾಡಿಸಿದರೆ ಒಳಗೆ ದ್ರವದ ಸದ್ದು. ಖಾಲಿಯಾಗಿರಲಿಲ್ಲ.

ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಿಂತು ನೋಡಿದರು. "ಅದಕ್ಕೂ ಚಳಿ ಹತ್ತೈತೆ ಯಜಮಾನ್ರೆ. ಈ ಕಂಬಳಿ ಸುತ್ತಿ ನೋಡ್ರಿ" ಎಂದು ಹೆಗಲ ಮೇಲಿನದನ್ನು ತೆಗೆದರು. ಎಂಥ ಒಳ್ಳೆಯ ಮನಸ್ಸು! ಪಕ್ಕದಲ್ಲಿ ಬೀಡುಬಿಟ್ಟಿದ್ದ ಇನ್ನೊಂದು ಗಾಡಿಯವರು, "ಕಂಬಳಿಯಿಂದ ಏನಾಗ್ತೈತೆ, ಎರಡು ಕಡ್ಡಿ ಹಚ್ಚಿ ಬುಡಕ್ಕೆ ಶಾಖ ಕೊಡ್ರಿ" ಎನ್ನುತ್ತಲೇ ಉರಿಯುವ ಕಡ್ಡಿಗಳನ್ನು ಹಿಡಿದು ಬಂದೇಬಿಟ್ಟರು.

ನಾನು ಅಡ್ಡ ನಿಂತೆ. "ಬೇಡಪ್ಪಾ, ಬೆಂಕಿ ಆಚೆ ಇರಲಿ, ಮಕ್ಕಳಿದ್ದಾರೆ" ಎಂದೆ. ಮಗ ರೆಗ್ಯುಲೇಟರು ಮುಚ್ಚಿದ. ಮೊಮ್ಮಕ್ಕಳನ್ನು ದೂರ ಕಳಿಸಿದೆವು. ಅವರು ಕಡ್ಡಿಗಳನ್ನು ಮಣ್ಣಿಗೆ ತುಳಿದು ಆರಿಸಿದರು.

ಸಿಲಿಂಡರನ್ನು ಪೂರ್ತಿ ತುಂಬುವುದಿಲ್ಲ. ದ್ರವ ಬಿಸಿಯಾದರೆ ಹಿಗ್ಗುತ್ತದೆ ಎಂದು ಸುಮಾರು 15 ಶೇಕಡ ಜಾಗ ಬಿಟ್ಟಿರುತ್ತಾರೆ. ಬುಡಕ್ಕೆ ಬೆಂಕಿ ಕೊಟ್ಟರೆ ಒಳಗಿನ ಒತ್ತಡ ಏರುತ್ತಲೇ ಹೋಗುತ್ತದೆ, ಬಿಸಿಯಾದ ಉಕ್ಕು ಬಲ ಕಳೆದುಕೊಳ್ಳುತ್ತದೆ. ಸೋರಿಕೆ ಇದ್ದರಂತೂ ಆ ಕಡ್ಡಿಯೇ ಸಾಕು.

ಉರಿ ಏಕೆ ಸಣ್ಣಗಾಯಿತು?

ಸಿಲಿಂಡರಿನಲ್ಲಿ ಇರುವುದು ಒತ್ತಿ ದ್ರವ ಮಾಡಿದ ಪ್ರೊಪೇನ್ ಮತ್ತು ಬ್ಯೂಟೇನ್. ಒಲೆ ಹಚ್ಚಿದಾಗ ಆ ದ್ರವ ಒಳಗೇ ಕುದಿದು ಅನಿಲವಾಗಿ ಮೇಲೆ ಬರುತ್ತದೆ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ. ಬ್ಯೂಟೇನಿಗೆ ಹೆಚ್ಚುಕಡಿಮೆ ಸೊನ್ನೆ ಡಿಗ್ರಿ ಬೇಕು. ಲಡಾಖಿನಂಥ ಕಡೆ ಮೈನಸ್ ಚಳಿಯಲ್ಲಿ ಬ್ಯೂಟೇನ್ ಮೇಲೇಳದೆ ಕೂತುಬಿಡುತ್ತದೆ.

"ಆದರೆ ಇಲ್ಲಿ ಅಷ್ಟು ಚಳಿ ಇಲ್ಲವಲ್ಲ ತಾತ?" ಎಂದ ಮೊಮ್ಮಗ. ಒಳ್ಳೆಯ ಪ್ರಶ್ನೆ. ಸ್ಯಾನಿಟೈಸರ್ ಹಚ್ಚಿಕೊಂಡ ಕೈ ತಣ್ಣಗಾಗುವುದು ನೆನಪಿದೆಯೇ? ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಮಣ್ಣಿನ ಗಡಿಗೆಯ ನೀರು ತಂಪಾಗುವುದೂ ಹೀಗೆಯೇ. ಸಣ್ಣ ಸಿಲಿಂಡರಿನಿಂದ ದೊಡ್ಡ ಬರ್ನರು ಬಿಡುವಿಲ್ಲದೆ ಅನಿಲ ಎಳೆದರೆ ಒಳಗಿನ ದ್ರವ ತನ್ನನ್ನು ತಾನೇ ತಣ್ಣಗೆ ಮಾಡಿಕೊಳ್ಳುತ್ತದೆ. ದ್ರವ ಕಡಿಮೆ ಇದ್ದಷ್ಟೂ ಬೇಗ ತಣಿಯುತ್ತದೆ. ಜೊತೆಗೆ ಹಗುರಾದ ಪ್ರೊಪೇನ್ ಮೊದಲು ಹೊರಟುಹೋಗಿ ಕೊನೆಗೆ ಉಳಿಯುವುದು ಹೆಚ್ಚಾಗಿ ಬ್ಯೂಟೇನ್.

ಈಗ ಕಂಬಳಿಯ ಪ್ರಶ್ನೆ. ಕಂಬಳಿ ಶಾಖ ಹುಟ್ಟಿಸುವುದಿಲ್ಲ, ಶಾಖ ದಾಟದಂತೆ ತಡೆಯುತ್ತದೆ, ಅಷ್ಟೇ. ನಮ್ಮ ಮೈ ಶಾಖ ಹುಟ್ಟಿಸುತ್ತದೆ, ಕಂಬಳಿ ಅದನ್ನು ಹಿಡಿದಿಡುತ್ತದೆ. ಸಿಲಿಂಡರು ಶಾಖ ಹುಟ್ಟಿಸುವುದಿಲ್ಲ. ಅದು ಹೊರಗಿನ ಗಾಳಿಗಿಂತ ತಣ್ಣಗಿದೆ, ಆ ಗಾಳಿಯಿಂದಲೇ ಶಾಖ ಪಡೆಯಬೇಕು. ಕಂಬಳಿ ಸುತ್ತಿದರೆ ಆ ದಾರಿಯೂ ಮುಚ್ಚುತ್ತದೆ! ಐಸ್ ಗೆಡ್ಡೆ ಕರಗದಿರಲೆಂದು ಗೋಣಿತಾಟಿನಲ್ಲಿ ಸುತ್ತುವುದಿಲ್ಲವೇ, ಹಾಗೆ. ಇದನ್ನು ಹೇಳಿದಾಗ ಕುರಿಗಾಹಿ ಹಿರಿಯರು ನಕ್ಕು, "ಹಂಗಾದ್ರೆ ಇದು ನನ್ನ ಹೆಗಲ ಮ್ಯಾಗೇ ಇರ್ಲಿ" ಎಂದರು.

ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಸುಮ್ಮನೆ ಬಿಟ್ಟೆವು. ಬಿಸಿಲೇರಿತು. ಒಂದು ಗಂಟೆಯ ನಂತರ ಸಣ್ಣ ಒಲೆ ಹಚ್ಚಿದರೆ ನೀಲಿ ಉರಿ ಬಂತು, ಕಾಫಿಯಾಯಿತು. ಸ್ನಾನದ ನೀರನ್ನು ದೂರದಲ್ಲಿ ಮೂರು ಕಲ್ಲಿಟ್ಟು ಸೌದೆಯಲ್ಲಿ ಕಾಯಿಸಿದೆವು. ಚಳಿಗಾಲಕ್ಕೆ ಪಾಠ ಇಷ್ಟೇ: ಸಣ್ಣ ಸಿಲಿಂಡರಿಗೆ ಸಣ್ಣ ಒಲೆ, ನಡುವೆ ಬಿಡುವು, ಆದರೆ ಇನ್ನೊಂದು ತುಂಬಿದ ಸಿಲಿಂಡರು. ಕೊನೆಯ ಅನಿಲ ಬರಲಿ ಎಂದು ಸಿಲಿಂಡರನ್ನು ಮಲಗಿಸುವುದು, ಬಿಸಿನೀರಿನಲ್ಲಿಡುವುದು ಬೇಡ. ಮಲಗಿಸಿದರೆ ಅನಿಲದ ಬದಲು ದ್ರವವೇ ಕೊಳವೆಗೆ ನುಗ್ಗಬಹುದು.

ಮುಚ್ಚಿದ ಗಾಡಿಯ ಲೆಕ್ಕ

ಹಿಂದಿನ ರಾತ್ರಿ ನನ್ನ ಹೆಂಡತಿಗೆ ಮಂಡಿನೋವು ಹೆಚ್ಚಿತ್ತು. "ಕಿಟಕಿ ಮುಚ್ಚಿ ಒಲೆ ಸಣ್ಣಗೆ ಉರೀಲಿ, ಅಮ್ಮನಿಗೆ ಬೆಚ್ಚಗಿರುತ್ತೆ" ಎಂದು ಮಗ ಹೇಳಿದ್ದ. ಆಗ ಮೊಮ್ಮಗನ ನೋಟ್‌ಬುಕ್ಕಿನಲ್ಲಿ ಒಂದು ಲೆಕ್ಕ ಮಾಡಿದೆವು. ನೀವೂ ಮಾಡಿ ನೋಡಿ.

ಗಾಡಿಯ ಒಳಗಿನ ಉದ್ದ 3.6 ಮೀಟರ್, ಅಗಲ 1.8, ಎತ್ತರ 1.9. ಗುಣಿಸಿದರೆ ಸುಮಾರು 12 ಘನ ಮೀಟರ್ ಗಾಳಿ. ಒಂದು ಕಿಲೋ ಅಡುಗೆ ಅನಿಲ ಪೂರ್ತಿ ಉರಿಯಲು ಬೇಕಾದದ್ದೂ ಹೆಚ್ಚುಕಡಿಮೆ 12 ಘನ ಮೀಟರ್ ಗಾಳಿ! ಅಂದರೆ ಒಂದು ಕಿಲೋ ಅನಿಲಕ್ಕೆ ಇಡೀ ಗಾಡಿಯ ಗಾಳಿ ಬೇಕು. ಉಸಿರಾಡುವ ಐದು ಜನರಿಗೆ ಉಳಿಯುವುದೇನು? ಗಾಳಿ ಅಷ್ಟು ಕಡಿಮೆಯಾಗುವ ಬಹಳ ಮೊದಲೇ ಉರಿ ಹಳದಿಗೆ ತಿರುಗಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷ ಹುಟ್ಟತೊಡಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬರುತ್ತದೆ. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗದಿರಬಹುದು.

ಲೆಕ್ಕ ನೋಡಿ ಮಗ ತಾನೇ ಎದ್ದು ಒಲೆ ಆರಿಸಿ ರೆಗ್ಯುಲೇಟರು ಮುಚ್ಚಿದ, ಎರಡು ಕಿಟಕಿ ನಾಲ್ಕು ಬೆರಳಷ್ಟು ತೆರೆದ. ಚಳ್ಳಕೆರೆ ಕಂಬಳಿಗಳಲ್ಲಿ ಒಂದು ಅಜ್ಜಿಗೆ, ಒಂದು ಮೊಮ್ಮಕ್ಕಳಿಗೆ ಹೊದಿಕೆಯಾಯಿತು. ಕಂಬಳಿ ಇರಬೇಕಾದ ಜಾಗ ಅದೇ.

ಇನ್ನೊಂದು ಬೆರಗು: ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಹುಟ್ಟುತ್ತದೆ. ಚಳಿಗಾಲದಲ್ಲಿ ಗಾಡಿಯೊಳಗೆ ಅಡುಗೆ ಮಾಡಿದರೆ ಗಾಜಿನ ಮೇಲೆ ನೀರಿಳಿಯುವುದಕ್ಕೆ ಇದೂ ಕಾರಣ. ಗಾಜು ಅತ್ತರೆ ಕಿಟಕಿ ತೆರೆ ಎಂದು ಅರ್ಥ.

ಮೊಮ್ಮಕ್ಕಳ ಮೂಗು

ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲದಂತೆಯೇ. ಸೋರಿದರೆ ಗೊತ್ತಾಗಲಿ ಎಂದು ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತು ಬೆರೆಸುತ್ತಾರೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಯಾರಿಗೂ ತಿಳಿಯದೆ ತುಂಬಿಕೊಂಡು ಸ್ಫೋಟಿಸಿತು. ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಅನಿಲಕ್ಕೆ ವಾಸನೆ ಬೆರೆಸಬೇಕೆಂಬ ಕಾನೂನು ಅಲ್ಲಿ ಬಂದದ್ದು ಆ ದುರಂತದ ನಂತರ.

ವಯಸ್ಸಾದಂತೆ ಮೂಗಿನ ಶಕ್ತಿ ಕುಂದುತ್ತದೆ. ಆದ್ದರಿಂದ ಮಕ್ಕಳೇ, ಅಜ್ಜ ಅಜ್ಜಿಗೆ ವಾಸನೆ ಬಾರದಿದ್ದರೂ ನಿಮಗೆ ಬಂದರೆ ಕೂಡಲೇ ಹೇಳಿ. ಅಜ್ಜ ಅಜ್ಜಿಯರೇ, ಮಗು ಹೇಳಿದ್ದನ್ನು ತಳ್ಳಿಹಾಕಬೇಡಿ. ಈ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಒಂದು ಲೀಟರ್ ದ್ರವ ಸೋರಿದರೆ ಸುಮಾರು 250 ಲೀಟರ್ ಅನಿಲ. ಗಾಳಿಯಲ್ಲಿ ಅದು ನೂರಕ್ಕೆ ಎರಡು ಪಾಲು ಸೇರಿದರೂ ಹೊತ್ತಿಕೊಳ್ಳಬಲ್ಲದು. ನಮ್ಮಂಥ ಗಾಡಿಗೆ ಆ ಒಂದು ಲೀಟರೇ ಸಾಕು.

2023ರ ಆಗಸ್ಟ್ 26ರಂದು ಮದುರೈಯಲ್ಲಿ ನಿಂತಿದ್ದ ಪ್ರವಾಸಿ ರೈಲು ಬೋಗಿಯಲ್ಲಿ ಯಾತ್ರಿಕರು ನಿಯಮ ಮೀರಿ ಒಯ್ದಿದ್ದ ಸಿಲಿಂಡರಿನಿಂದ ಬೆಂಕಿ ಹೊತ್ತಿ 9 ಮಂದಿ ಸತ್ತರು. ರೈಲಿನಲ್ಲಿ ಅಡುಗೆ ಅನಿಲ ಒಯ್ಯುವಂತಿಲ್ಲ ಎಂಬ ನಿಯಮ ಬರಿಯ ಕಾಗದದ ಮಾತಲ್ಲ.

ವಾಸನೆ ಬಂದರೆ ಸ್ವಿಚ್ ಒತ್ತಬೇಡಿ, ಹಾಕಲೂ ಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರು ಮುಚ್ಚಿ, ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ದೂರ ಹೋದ ಮೇಲೆ ಫೋನ್ ತೆಗೆದು 1906ಕ್ಕೆ ಕರೆ ಮಾಡಿ. ಕೊಳವೆಯ ಕೀಲುಗಳಲ್ಲಿ ಅನುಮಾನವಿದ್ದರೆ ಸೋಪಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ ಇದೆ. ಕಡ್ಡಿ ಗೀರಿ ಪರೀಕ್ಷೆ ಮಾಡುವುದು ಎಂದಿಗೂ ಬೇಡ.

ಕೊನೆಗೆ ಅಜ್ಜ ಮೊಮ್ಮಕ್ಕಳಿಗೆ ಒಂದು ಆಟ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು, ಅದರ ಪಕ್ಕ ಎರಡಂಕಿ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ಇಸವಿಯದು. ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕಾದ ಗಡುವು ಅದು. ಗಡುವು ದಾಟಿದ್ದರೆ ಇಳಿಸಿಕೊಳ್ಳದೆ ಹಿಂದಕ್ಕೆ ಕಳಿಸಿ. ಅಜ್ಜನಿಗೆ ಕನ್ನಡಕ ಸಿಗದಿದ್ದರೆ ಮೊಮ್ಮಗಳು ಓದಲಿ, ಅರ್ಥವನ್ನು ಅಜ್ಜ ಹೇಳಲಿ.