ಸ್ಟಿರಾಯ್ಡ್ ಸೇವನೆ ಮತ್ತು ರಕ್ತದ ಸಕ್ಕರೆ

2021ರ ಮೇ ತಿಂಗಳಿನಲ್ಲಿ ಕೋವಿಡ್‌ನ ಎರಡನೆಯ ಅಲೆ ಇಳಿಮುಖವಾಗುತ್ತಿದ್ದಾಗ ಮುಂಬಯಿಯ ಕೆ.ಇ.ಎಂ., ಸಾಯನ್, ನಾಯರ್ ಮೊದಲಾದ ಆಸ್ಪತ್ರೆಗಳಿಗೆ ಬೇರೊಂದು ಬಗೆಯ ರೋಗಿಗಳು ಬರತೊಡಗಿದರು. ಅವರನ್ನು ಬಾಧಿಸುತ್ತಿದ್ದುದು ಮ್ಯೂಕರ್‌ಮೈಕೋಸಿಸ್ ಎಂಬ ಶಿಲೀಂಧ್ರದ ಸೋಂಕು. ಜನರ ಬಾಯಲ್ಲಿ ‘ಬ್ಲ್ಯಾಕ್ ಫಂಗಸ್’. ಮೂಗಿನಿಂದ ದವಡೆಗೂ ಕಣ್ಣಿಗೂ ಹರಡುವ ಈ ಸೋಂಕಿನಿಂದ ಪ್ರಾಣ ಉಳಿಸಲು ಕೆಲವರ ಕಣ್ಣನ್ನೇ ತೆಗೆಯಬೇಕಾಯಿತು. ರೋಗಿಗಳಲ್ಲಿ ಬಹುಪಾಲು ಜನರ ರಕ್ತದಲ್ಲಿ ಸಕ್ಕರೆ ಮಿತಿಮೀರಿತ್ತು. ಅನೇಕರು ಸ್ಟಿರಾಯ್ಡ್ ಸೇವಿಸಿದ್ದರು. ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೂ ಸಕ್ಕರೆಯ ಪರೀಕ್ಷೆ ಮುಂದುವರಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅದೇ ತಿಂಗಳು ಸಲಹೆ ನೀಡಿತು.

ಹಾಗೆಂದು ಸ್ಟಿರಾಯ್ಡ್ ವಿಷವಲ್ಲ. ಆಮ್ಲಜನಕದ ಆಸರೆ ಬೇಕಾದ ಕೋವಿಡ್ ರೋಗಿಗಳಲ್ಲಿ ಡೆಕ್ಸಾಮೆಥಾಸೋನ್ ಸಾವನ್ನು ತಗ್ಗಿಸುವುದು 2020ರಲ್ಲಿ ಬ್ರಿಟನ್ನಿನ ಪ್ರಯೋಗದಿಂದ ಸಿದ್ಧವಾಗಿತ್ತು. ಆಮ್ಲಜನಕ ಬೇಡದವರಿಗೆ ಅದರಿಂದ ಪ್ರಯೋಜನ ಕಂಡುಬರಲಿಲ್ಲ. ಉಬ್ಬಸ, ಸಂಧಿವಾತ, ಕೆಲವು ಮೂತ್ರಪಿಂಡ ಹಾಗೂ ಚರ್ಮರೋಗಗಳಲ್ಲಿ ಪ್ರೆಡ್ನಿಸೋಲೋನ್ ಇಂದಿಗೂ ಅನಿವಾರ್ಯ ಔಷಧಿಯಾಗಿದೆ.

ಸ್ಟಿರಾಯ್ಡ್ ದೇಹವನ್ನು ಸೇರಿದಾಗ ಯಕೃತ್ತು ಹೆಚ್ಚು ಸಕ್ಕರೆಯನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸ್ನಾಯುಗಳು ಇನ್ಸುಲಿನ್ನಿನ ಆಜ್ಞೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಹಸಿವೂ ಹೆಚ್ಚುತ್ತದೆ. ಮಧುಮೇಹವಿರುವವರಲ್ಲಿ ಸಕ್ಕರೆ ಇನ್ನಷ್ಟು ಏರುತ್ತದೆ. ಇಲ್ಲದವರಲ್ಲಿಯೂ ಹೊಸದಾಗಿ ಕಾಣಿಸಿಕೊಳ್ಳಬಹುದು.

ಇಲ್ಲಿ ಬಹಳ ಜನ ಮೋಸಹೋಗುವುದು ಪರೀಕ್ಷೆಯ ವೇಳೆಯಲ್ಲಿ. ಬೆಳಿಗ್ಗೆ ಸೇವಿಸಿದ ಪ್ರೆಡ್ನಿಸೋಲೋನ್ ಗುಳಿಗೆಯಿಂದ ಸಕ್ಕರೆ ಏರುವುದು ಮಧ್ಯಾಹ್ನ ಮತ್ತು ಸಂಜೆ. ರಾತ್ರಿ ಕಳೆಯುವಷ್ಟರಲ್ಲಿ ಅದು ಇಳಿದಿರುತ್ತದೆ. ಡೊಂಬಿವಿಲಿಯಿಂದಲೋ ವಿರಾರಿನಿಂದಲೋ ಲೋಕಲ್ ರೈಲು ಹಿಡಿಯುವ ನೌಕರನು ಮುಂಜಾನೆಯೇ ಮನೆಯ ಬಳಿಯ ಪ್ರಯೋಗಾಲಯದಲ್ಲಿ ಬರಿಹೊಟ್ಟೆಯ ರಕ್ತ ಕೊಟ್ಟು ಹೊರಟರೆ ವರದಿ ಸರಿಯಾಗಿಯೇ ಬರಬಹುದು. ಸಕ್ಕರೆ ಏರುವ ಹೊತ್ತಿಗೆ ಆತ ಫೋರ್ಟ್ ಅಥವಾ ಅಂಧೇರಿಯ ಕಚೇರಿಯಲ್ಲಿರುತ್ತಾನೆ. ಆದ್ದರಿಂದ ಬರಿಹೊಟ್ಟೆಯ ಪರೀಕ್ಷೆಯೊಂದನ್ನೇ ನಂಬದೆ, ಮಧ್ಯಾಹ್ನದ ಊಟದ ಎರಡು ಗಂಟೆಗಳ ಬಳಿಕ ಅಥವಾ ರಾತ್ರಿಯ ಊಟಕ್ಕೆ ಮುನ್ನ ಪರೀಕ್ಷಿಸಿಕೊಳ್ಳಬೇಕು. ಆ ವೇಳೆಯಲ್ಲಿ ಪ್ರಮಾಣವು ಡೆಸಿಲೀಟರಿಗೆ 200 ಮಿಲಿಗ್ರಾಂ ಮುಟ್ಟಿದರೆ ವೈದ್ಯರಿಗೆ ತಿಳಿಸತಕ್ಕದ್ದು. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರವಿಸರ್ಜನೆ, ಮಂಜಾದ ದೃಷ್ಟಿ ಇದರ ಲಕ್ಷಣಗಳು. ವಾಂತಿ, ಏದುಸಿರು ಅಥವಾ ಮಂಪರು ಕವಿದರೆ ಆಸ್ಪತ್ರೆಗೆ ಹೋಗಲು ತಡಮಾಡಬಾರದು.

ಸಕ್ಕರೆ ಏರಿತೆಂದು ಹೆದರಿ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವುದು ಇನ್ನೂ ಅಪಾಯಕರ. ಕೆಲವು ವಾರ ಸ್ಟಿರಾಯ್ಡ್ ಸೇವಿಸಿದವರ ಅಡ್ರಿನಲ್ ಗ್ರಂಥಿಯು ತನ್ನ ಕೆಲಸವನ್ನು ಮರೆತಿರುತ್ತದೆ. ಔಷಧಿಯನ್ನು ಹಠಾತ್ತನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಎರವಾಗಬಹುದು. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುವಾಗ ಮಧುಮೇಹದ ಔಷಧಿಯನ್ನೂ ತಕ್ಕಂತೆ ಇಳಿಸಬೇಕಾಗುತ್ತದೆ. ಇಲ್ಲವಾದರೆ ಸಕ್ಕರೆ ತೀರಾ ತಗ್ಗಿ ಬೆವರು, ನಡುಕ, ಗೊಂದಲ ಉಂಟಾಗುತ್ತವೆ. ಕಿಕ್ಕಿರಿದ ರೈಲಿನಲ್ಲಿ ಪ್ರಯಾಣಿಸುವ ಇಂಥವರು ಜೇಬಿನಲ್ಲಿ ಗ್ಲೂಕೋಸ್ ಪುಡಿಯನ್ನಾಗಲೀ ಸಕ್ಕರೆಯನ್ನಾಗಲೀ ಇರಿಸಿಕೊಳ್ಳುವುದು ಲೇಸು. ಊಟವನ್ನು ಬಿಡುವ ಅಗತ್ಯವಿಲ್ಲ. ಆದರೆ ಮಧ್ಯಾಹ್ನದ ಅನ್ನವನ್ನು ಮಿತಗೊಳಿಸಿ ಕಾಳು, ತರಕಾರಿಗಳನ್ನು ಹೆಚ್ಚಿಸುವುದು, ಸಂಜೆಯ ವಡಾಪಾವ್ ಹಾಗೂ ಸಿಹಿ ಚಹಾವನ್ನು ಕಡಿಮೆ ಮಾಡುವುದು ಉಪಯುಕ್ತ.

ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ಸ್ಟಿರಾಯ್ಡ್ ಕೊಳ್ಳುವ ಅಭ್ಯಾಸ ನಗರದಲ್ಲಿ ಇದ್ದೇ ಇದೆ. ಇದಕ್ಕಿಂತ ಕುಟಿಲವಾದುದು, ಮಂಡಿನೋವಿಗೂ ಉಬ್ಬಸಕ್ಕೂ ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ಪುಡಿ. ಗಿಡಮೂಲಿಕೆಯೆಂದು ಕೊಂಡ ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವ ಪ್ರಕರಣಗಳು ವರದಿಯಾಗಿವೆ. ಕಾರಣವಿಲ್ಲದೆ ಸಕ್ಕರೆ ಏರಿದವರು ತಾವು ಸೇವಿಸುವ ಪ್ರತಿಯೊಂದು ಮದ್ದನ್ನೂ ವೈದ್ಯರ ಮುಂದಿಡಬೇಕು. ಕೆಲವು ರಕ್ತದೊತ್ತಡದ ಗುಳಿಗೆಗಳು, ಮಾನಸಿಕ ರೋಗಕ್ಕೆ ಕೊಡುವ ಓಲಾಂಜಪೀನ್, ಮೂತ್ರಪಿಂಡದ ಕಸಿಯ ಬಳಿಕ ಕೊಡುವ ಟ್ಯಾಕ್ರೋಲಿಮಸ್ ಸಹ ಸಕ್ಕರೆಯನ್ನು ಏರಿಸಬಲ್ಲವು.

ಸ್ಟಿರಾಯ್ಡ್ ಮುಗಿದ ಮೇಲೆ ಸಾಮಾನ್ಯವಾಗಿ ಸಕ್ಕರೆ ತಾನಾಗಿ ಹತೋಟಿಗೆ ಬರುತ್ತದೆ. ಕೆಲವರಲ್ಲಿ ಮಧುಮೇಹ ಉಳಿದುಬಿಡುವುದರಿಂದ ಮೂರು ತಿಂಗಳ ಬಳಿಕ ಒಮ್ಮೆ, ಅನಂತರ ವರ್ಷಕ್ಕೊಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.