ಫೈನಲ್ ಇಯರ್ ಟ್ರಿಪ್: ಮೊದಲು ಚೀಟಿ, ಆಮೇಲೆ ಜಾಗ

ಏಳನೇ ಸೆಮ್ ಶುರುವಾದ ಎರಡನೇ ವಾರಕ್ಕೆ ಸರಿಯಾಗಿ ಪ್ರತಿ ಬ್ರಾಂಚಿನಲ್ಲೂ ಒಂದು ವಾಟ್ಸಾಪ್ ಗ್ರೂಪ್ ಹುಟ್ಟುತ್ತೆ. ಹೆಸರು 'ಗೋವಾ'. ಇಪ್ಪತ್ತೆರಡು ಜನ ಸೇರ್ತಾರೆ, ಮೊದಲ ದಿನ ಇನ್ನೂರು ಮೆಸೇಜು. ದಸರಾ ಮುಗಿಯೋ ಹೊತ್ತಿಗೆ ಒಬ್ಬೊಬ್ಬರೇ ಸುಮ್ಮನಾಗ್ತಾರೆ. ಡಿಸೆಂಬರಿಗೆ ಆ ಗ್ರೂಪಲ್ಲಿ ಇಂಟರ್ನಲ್ಸ್ ನೋಟ್ಸ್ ಓಡಾಡ್ತಾ ಇರುತ್ತೆ. ನಮ್ಮ ಸೀನಿಯರ್‌ಗಳ ಕಥೆ ಇದೇ, ನಮ್ಮ ಗ್ರೂಪಿನ ಕಥೆಯೂ ಇದೇ ಆಗೋದರಲ್ಲಿತ್ತು.

ನಾವು ಕೊನೆಗೂ ಹೋಗಿಬಂದೆವು. ಹದಿನಾಲ್ಕು ಜನ, ಮೈಸೂರಿನಿಂದ ಹಂಪಿಗೆ, ತಲೆಗೆ ಸಾವಿರದೈನೂರು ರೂಪಾಯಿ ಒಳಗೆ. ಹಂಪಿ ಹೇಗಿದೆ ಅಂತ ಇಲ್ಲಿ ವರ್ಣಿಸೋಕೆ ಹೋಗಲ್ಲ, ಅದಕ್ಕೆ ಬೇಕಾದಷ್ಟು ವಿಡಿಯೋಗಳಿವೆ. ಜಾಗ ಆರಿಸಿದ್ದು ಹೇಗೆ ಅನ್ನೋದನ್ನ ಮಾತ್ರ ಜೂನಿಯರ್‌ಗಳಿಗಾಗಿ ಬರೀತಿದ್ದೀವಿ.

ಮೊದಲು ಒಂದು ಹಳೇ ತಪ್ಪು ಹೇಳಿಬಿಡ್ತೀವಿ. ಮೂರನೇ ವರ್ಷದಲ್ಲಿ ನಾವು ಚಿಕ್ಕಮಗಳೂರಿಗೆ ಹೋಗಿದ್ದೆವು. ತಲೆಗೆ ಮೂರೂವರೆ ಸಾವಿರ ಅಂತ ಇಬ್ಬರು ಮೂವರು ಕೂತು ತೀರ್ಮಾನ ಮಾಡಿ, ಗ್ರೂಪಿಗೆ ಯುಪಿಐ ನಂಬರ್ ಹಾಕಿದ್ದೆವು. ಹೊರಡೋ ಹಿಂದಿನ ದಿನ ನಮ್ಮಲ್ಲೊಬ್ಬ "ಊರಲ್ಲಿ ಹಬ್ಬ ಇದೆ ಮಗಾ, ನೀವು ಹೋಗ್ಬನ್ನಿ" ಅಂದ. ಯಾವ ಹಬ್ಬ ಅಂತ ಯಾರೂ ಕೇಳಲಿಲ್ಲ. ವಾಪಸ್ ಬಂದ ಮೇಲೆ ಮೆಸ್ಸಿನ ಅಣ್ಣ ಹೇಳಿದರು: ಆ ಶನಿವಾರ, ಭಾನುವಾರ ಎರಡೂ ದಿನ ಅವನು ಊಟಕ್ಕೆ ಬಂದಿದ್ದನಂತೆ. ನಾವು ಟ್ರಿಪ್ಪಿನ ಫೋಟೋಗಳನ್ನ ಒಂದೊಂದಾಗಿ ಗ್ರೂಪಿಗೆ ಹಾಕುವಾಗ ಅವನು ಎಲ್ಲಕ್ಕೂ ಹಾರ್ಟ್ ಒತ್ತಿದ್ದ.

ದುಡ್ಡಿಲ್ಲ ಅಂತ ಹತ್ತು ಜನರ ಮುಂದೆ ಹೇಳೋದು ಕಷ್ಟ. "ಎಷ್ಟು ಆಗಬಹುದು ಹೇಳ್ರೋ" ಅಂತ ಕೇಳಿದರೆ ಮೊದಲು ಮಾತಾಡಿದವನ ಅಂಕಿಯೇ ಗಟ್ಟಿಯಾಗುತ್ತೆ. ಗ್ರೂಪ್ ಪೋಲ್ ಹಾಕಿದರೂ ಅಷ್ಟೇ, ಯಾರು ಯಾವುದಕ್ಕೆ ಒತ್ತಿದರು ಅಂತ ಕಾಣುತ್ತೆ. ಹಾಗಾಗಿ ಈ ಸಲ ಹಳೇ ಪದ್ಧತಿ ಹಿಡಿದೆವು. ಲ್ಯಾಬ್ ರೆಕಾರ್ಡಿನ ಹಾಳೆ ಹರಿದು ಹದಿನಾಲ್ಕು ಚೀಟಿ ಮಾಡಿದೆವು. ಎಲ್ಲರಿಗೂ ಒಂದೇ ಬಣ್ಣದ ಪೆನ್ನು, ಹೆಸರು ಬರೆಯೋ ಹಾಗಿಲ್ಲ. ಮನೇಲಿ ಜಗಳ ಇಲ್ಲದೆ, ಸಾಲ ಮಾಡದೆ ಕೊಡಬಹುದಾದ ಮೊತ್ತ ಒಂದನ್ನೇ ಬರೆಯಬೇಕು. ದೊಡ್ಡ ಚೀಟಿ ಎಂಟು ಸಾವಿರದ್ದು ಬಂತು, ಚಿಕ್ಕದು ಸಾವಿರದೈನೂರರದ್ದು.

ಸರಾಸರಿ ತೆಗೆಯೋಣ ಅಂತ ಒಬ್ಬ ಕ್ಯಾಲ್ಕುಲೇಟರ್ ತೆಗೆದ. ಸರಾಸರಿ ಮೂರು ಸಾವಿರದ ಮೇಲೆ ಬಂತು. ಆ ಲೆಕ್ಕದಲ್ಲಿ ಹೊರಟರೆ ಸಾವಿರದೈನೂರು ಬರೆದವರಿಗೆ ಮತ್ತೆ 'ಊರಲ್ಲಿ ಹಬ್ಬ' ಬರುತ್ತೆ. ಉಳಿದವರು ಸೇರಿ ಅವರ ಪಾಲು ಹಾಕೋಣ ಅಂದರೆ ಅದು ಯಾರು ಅಂತ ಗೊತ್ತಾಗಬೇಕು, ಅದೂ ಬೇಡ. ಕನಿಷ್ಠ ಚೀಟಿಯೇ ಬಜೆಟ್ ಅಂತ ಆಯ್ತು. ಎಂಟು ಸಾವಿರ ಬರೆದವನು ಸ್ವಲ್ಪ ಮುಖ ಊದಿಸಿಕೊಂಡ, ಅದನ್ನೂ ಮುಚ್ಚಿಡಲ್ಲ.

ಬಜೆಟ್ ಗೊತ್ತಾದ ಮೇಲೆ ಜಾಗ ಹುಡುಕೋದು ಸುಲಭ. ಬಯಲಿನ ಜಾಗಗಳಲ್ಲಿ ನೋಡೋದಕ್ಕೆ ಅಷ್ಟಾಗಿ ಖರ್ಚಿಲ್ಲ. ಬೆಟ್ಟಕ್ಕೆ, ಕಡಲಿಗೆ, ಬಂಡೆಗೆ ಯಾರೂ ಬಿಲ್ ಕೊಡಲ್ಲ. ದುಡ್ಡು ಹೋಗೋದು ದೂರಕ್ಕೆ, ರಾತ್ರಿ ಮಲಗೋದಕ್ಕೆ, ಮತ್ತೆ ಬಸ್ಸು ರೈಲು ಇಳಿದ ಮೇಲಿನ ಕೊನೇ ಹತ್ತು ಹದಿನೈದು ಕಿಲೋಮೀಟರಿಗೆ. ಈ ಮೂರನೇದನ್ನ ಎಲ್ಲರೂ ಮರೀತಾರೆ. ಕೊಡಚಾದ್ರಿ ನಮ್ಮ ಪಟ್ಟಿಯಲ್ಲಿತ್ತು. 1343 ಮೀಟರ್ ಎತ್ತರ, ತುದಿಯಲ್ಲಿ ಸರ್ವಜ್ಞ ಪೀಠ, ಕೊಲ್ಲೂರಿನ ತನಕ ಬಸ್ಸು. ಆದರೆ ಅಲ್ಲಿಂದ ಮೇಲಕ್ಕೆ ಜೀಪು, ಹದಿನಾಲ್ಕು ಜನಕ್ಕೆ ಎರಡು ಜೀಪು ಅಂದಾಗ ನಮ್ಮ ಲೆಕ್ಕ ತಲೆಕೆಳಗಾಯ್ತು. ನಡೆದು ಹತ್ತಬಹುದಲ್ವಾ ಅಂತ ನೀವು ಕೇಳಬಹುದು, ಅದಕ್ಕೆ ಆಮೇಲೆ ಬರ್ತೀವಿ.

ಗೋಕರ್ಣ ಕೊನೇ ಸುತ್ತಿನವರೆಗೂ ಇತ್ತು. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳನ್ನ ಗುಡ್ಡದ ದಾರಿಯಲ್ಲಿ ನಡೆದೇ ಒಂದಾದ ಮೇಲೊಂದು ನೋಡಬಹುದು, ಅದಕ್ಕೆ ಕಾಸಿಲ್ಲ. ಗೋಕರ್ಣವನ್ನ ಬೀಳಿಸಿದ್ದು ವಾರಾಂತ್ಯದ ರೂಮು ಬಾಡಿಗೆ. ಮಂಗಳವಾರ, ಬುಧವಾರ ಹೋಗೋ ಹಾಗಿದ್ದರೆ ನಮ್ಮ ಆಯ್ಕೆ ಬೇರೆ ಇರ್ತಿತ್ತೇನೋ.

ಇನ್ನು ಬಸ್ಸಿನ ವಿಷಯ. ಶಕ್ತಿ ಯೋಜನೆ ಬಂದದ್ದು 2023ರ ಜೂನ್ 11ರಂದು. ಅದರ ಪ್ರಕಾರ ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ಸ್ಲೀಪರ್, ಐರಾವತಕ್ಕೆ ಇದು ನಡೆಯಲ್ಲ, ಗಡಿ ದಾಟೋ ಬಸ್ಸಿಗೂ ಇಲ್ಲ. ನಮ್ಮಲ್ಲಿ ಆರು ಜನ ಹುಡುಗಿಯರು. ಕೆಂಪು ಬಸ್ಸಲ್ಲಿ ಹೋದರೆ ಎಂಟು ಟಿಕೆಟ್ಟಿನ ದುಡ್ಡನ್ನ ಹದಿನಾಲ್ಕು ಜನ ಹಂಚಿಕೊಳ್ಳೋಣ ಅಂತ ಹುಡುಗರು ಬಹಳ ಉದಾರವಾಗಿ ಸೂಚಿಸಿದರು. "ಫ್ರೀ ಇರೋದು ನಮಗೆ ಕಣೋ, ನಿಮಗಲ್ಲ" ಅನ್ನೋ ಉತ್ತರ ಬಂತು. ಕೊನೆಗೆ ರಾತ್ರಿಯಿಡೀ ಕೂತು ಹೋಗೋದು ಯಾರಿಗೂ ಬೇಡ ಅನ್ನಿಸಿ ರೈಲು ಹಿಡಿದೆವು. ಸ್ಥಳೀಯ ಓಡಾಟದಲ್ಲಿ ಮಾತ್ರ ಶಕ್ತಿ ಕೆಲಸಕ್ಕೆ ಬಂತು.

ಬಜೆಟ್ಟಿನ ಜೊತೆಗೆ ನೋಡಲೇಬೇಕಾದ್ದು ತಿಂಗಳು. ನಮ್ಮ ಕೋರ್ಸು ಮುಗಿಯೋದು ಮೇ–ಜೂನ್ ಹೊತ್ತಿಗೆ. 'ಎಲ್ಲಾ ಮುಗಿದ ಮೇಲೆ ಹೋಗೋಣ' ಅನ್ನೋರಿಗೆ ಆಗ ಉಳಿಯೋ ಜಾಗಗಳು ಬಹಳ ಕಮ್ಮಿ. ಮೇ ತಿಂಗಳಲ್ಲಿ ಹಂಪಿಯ ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತೆ, ಬಂಡೆ ಮೇಲೆ ಕೈ ಇಡೋಕಾಗಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಪಶ್ಚಿಮ ಘಟ್ಟದ ಹಲವು ಚಾರಣ ದಾರಿಗಳನ್ನ ಅರಣ್ಯ ಇಲಾಖೆ ಮುಚ್ಚಿಬಿಡುತ್ತೆ. ಜೂನಿಗೆ ಮಳೆ, ಇಂಬಳ, ಕಡಲಿಗೆ ಇಳಿಯೋ ಹಾಗಿಲ್ಲ. ಅಷ್ಟೊತ್ತಿಗೆ ಅರ್ಧ ಜನಕ್ಕೆ ಕೆಲಸಕ್ಕೆ ಸೇರೋ ದಿನಾಂಕ ಬಂದಿರುತ್ತೆ, ಇನ್ನರ್ಧ ಜನಕ್ಕೆ ಕೆಲಸ ಸಿಕ್ಕಿಲ್ಲ ಅನ್ನೋ ಚಿಂತೆ. ಏಳನೇ ಸೆಮ್ ಪರೀಕ್ಷೆ ಮುಗಿದು ಎಂಟನೇ ಸೆಮ್ ಹಿಡಿತಕ್ಕೆ ಬರೋ ಮುಂಚೆ ಒಂದು ಸಣ್ಣ ಸಂದು ಇದೆಯಲ್ಲ, ಅದೇ ಸರಿಯಾದ ಸಮಯ. ಚಳಿ, ಒಣ ಹವೆ, ಎಲ್ಲರೂ ಇನ್ನೂ ಒಟ್ಟಿಗೆ ಇರ್ತೀವಿ. ಒಂದು ಎಚ್ಚರ: ಹಂಪಿ ಉತ್ಸವ ಯಾವಾಗ ಅಂತ ಮೊದಲೇ ನೋಡಿಕೊಳ್ಳಿ. ಆ ದಿನಗಳಲ್ಲಿ ಹೊಸಪೇಟೆಯಲ್ಲಿ ರೂಮು ಹುಡುಕೋದು ನಮ್ಮ ಬಜೆಟ್ಟಿನವರ ಕೆಲಸ ಅಲ್ಲ.

ನಡೆದು ಹತ್ತೋ ವಿಷಯಕ್ಕೆ ಬರೋಣ. ನಮ್ಮಲ್ಲಿ ನಾಲ್ಕು ಜನಕ್ಕೆ ಕುಮಾರ ಪರ್ವತ ಹತ್ತೋ ಆಸೆ. 1712 ಮೀಟರ್, ರಾಜ್ಯದ ಕಷ್ಟದ ಚಾರಣಗಳಲ್ಲಿ ಒಂದು. 2024ರ ಜನವರಿಯಲ್ಲಿ ಅಲ್ಲಿ ಜಾತ್ರೆಯಂಥ ಜನಸಂದಣಿಯ ವಿಡಿಯೋ ಹರಿದಾಡಿದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಟಿಕೆಟ್ ತಗೋಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಹದಿನಾಲ್ಕು ಜನಕ್ಕೆ ಒಂದೇ ಶನಿವಾರ ಸಿಗೋದು ಕಷ್ಟ. ಅದಕ್ಕಿಂತ ಮುಖ್ಯವಾಗಿ ನಾವು ಒಂದು ಪರೀಕ್ಷೆ ಮಾಡಿಕೊಂಡೆವು. ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದೆವು. ಮೊದಲು ಮೇಲೆ ಮುಟ್ಟಿದವನು ಕಾಫಿ ಕುಡಿದು, ಇನ್ಸ್ಟಾ ನೋಡಿ, ಬೇಜಾರಾಗಿ ಕೆಳಗಿಳಿದು ಬಂದು ನಂದಿಯ ಹತ್ತಿರ ಕೊನೆಯವರನ್ನ ಸೇರಿಕೊಂಡ. ಕುಮಾರ ಪರ್ವತ ಅಲ್ಲಿಗೆ ಮುಗೀತು. ಕೊಡಚಾದ್ರಿ ನಡಿಗೆಯೂ. ಚೀಟಿಯಲ್ಲಿ ಹೇಗೆ ಕನಿಷ್ಠವನ್ನ ಹಿಡಿದೆವೋ ಇಲ್ಲೂ ಹಾಗೇ.

ಅಪಾಯದ ಲೆಕ್ಕವನ್ನೂ ಜಾಗ ಆರಿಸುವಾಗಲೇ ಹಾಕಬೇಕು, ಅಲ್ಲಿ ಹೋಗಿ ಅಲ್ಲ. ಕಾಸಿಲ್ಲದೆ ಆಗುತ್ತೆ ಅಂತ ಯಾರಾದರೂ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ಹಳಿ ಮೇಲೆ ನಡೆಯೋಣ, ದೂಧ್‌ಸಾಗರಕ್ಕೆ ಹಳಿ ಹಿಡಿದು ಹೋಗೋಣ ಅಂತಾರೆ. ಎರಡೂ ನಿಷಿದ್ಧ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಆಗಬಹುದು. ಕ್ಯಾಂಪಸ್ ಸೆಲೆಕ್ಷನ್ ಆದವರು ಪೊಲೀಸ್ ವೆರಿಫಿಕೇಶನ್ ನೆನಪಿಟ್ಟುಕೊಳ್ಳಿ.

ನೀರಿನ ವಿಷಯ ಇನ್ನೂ ಗಂಭೀರ. 2014ರ ಜೂನ್ 8ರಂದು ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜೊಂದರ 24 ವಿದ್ಯಾರ್ಥಿಗಳು ಹಿಮಾಚಲದ ಬಿಯಾಸ್ ನದಿಯಲ್ಲಿ ಕೊಚ್ಚಿಹೋದರು. ಪ್ರವಾಸಕ್ಕೆ ಹೋದವರು, ಫೋಟೋ ತೆಗೆಯೋಕೆ ನದಿಯ ಬಂಡೆಗಳ ಮೇಲೆ ಇಳಿದಿದ್ದರು. ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಟ್ಟರು, ನಿಮಿಷಗಳಲ್ಲಿ ನದಿ ಏರಿತು. ನಮ್ಮಂಥವರೇ ಅವರು. ಹಂಪಿಯೂ ತುಂಗಭದ್ರಾ ಅಣೆಕಟ್ಟಿನ ಕೆಳಗಿನ ಊರೇ. ನದಿಗೆ ಇಳಿಯಲ್ಲ, ಸಣಾಪುರದ ಕಡೆ ಬಂಡೆಯಿಂದ ಹಾರಲ್ಲ ಅಂತ ರೈಲು ಹತ್ತುವ ಮುಂಚೆಯೇ ಎಲ್ಲರ ಹತ್ತಿರ ಒಪ್ಪಿಸಿಕೊಂಡೆವು. ಅಲ್ಲಿ ಹಾಗೆ ಹಾರಿ ಜೀವ ಕಳಕೊಂಡವರಿದ್ದಾರೆ. (ಸಿವಿಲ್ಲಿನವರು ಅಣೆಕಟ್ಟು ನೋಡದೆ ಬರಲ್ಲ ಅಂತ ಹಟ ಹಿಡಿದರು. 33 ಕ್ರಸ್ಟ್ ಗೇಟುಗಳಲ್ಲಿ 19ನೇದು 2024ರ ಆಗಸ್ಟಿನಲ್ಲಿ ಚೈನ್ ಕಡಿದು ಕೊಚ್ಚಿಹೋಗಿತ್ತಲ್ಲ, ಅದರ ಮೇಲೆ ಒಬ್ಬಳು ಸೆಮಿನಾರ್ ಕೊಟ್ಟಿದ್ದಳು.)

ಹಂಪಿಯೇ ಯಾಕೆ ಅಂದರೆ, ಹಂಪಿ ಎಕ್ಸ್‌ಪ್ರೆಸ್. ಸಂಜೆ ಮೈಸೂರಲ್ಲಿ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಹೋಗೋ ರಾತ್ರಿ, ಬರೋ ರಾತ್ರಿ ಎರಡೂ ರೈಲಲ್ಲೇ ಕಳೆದರೆ ಎರಡು ರಾತ್ರಿಯ ಲಾಡ್ಜ್ ಉಳಿತು. ನಡುವಿನ ಒಂದು ರಾತ್ರಿಗೆ ಮಾತ್ರ ರೂಮು. ಹುಡುಗಿಯರ ಮನೆಯಲ್ಲಿ ಒಪ್ಪಿಗೆ ಕೇಳೋದಕ್ಕೂ ಇದು ಅನುಕೂಲ ಆಯ್ತು. "ರಾತ್ರಿ ಎಲ್ಲಿರ್ತೀರಾ?" ಅನ್ನೋ ಪ್ರಶ್ನೆಗೆ ಕೋಚ್ ನಂಬರ್ ಸಮೇತ ಉತ್ತರ ಇತ್ತು. ಹೊಸಪೇಟೆಯಿಂದ ಹಂಪಿಗೆ 13 ಕಿಲೋಮೀಟರ್, ಸರ್ಕಾರಿ ಬಸ್ಸು ಓಡಾಡ್ತಾನೇ ಇರುತ್ತೆ. ಸ್ಟೇಷನ್ ಹೊರಗೆ ಆಟೋದವರು ಸುತ್ತುವರೀತಾರೆ, ನಯವಾಗಿ ಬೇಡ ಅಂದು ಬಸ್ ಸ್ಟ್ಯಾಂಡಿಗೆ ನಡೀರಿ. ಹಂಪಿಯಲ್ಲಿ ಬಾಡಿಗೆ ಸೈಕಲ್ ಸಿಗುತ್ತೆ. ವಿಜಯ ವಿಠ್ಠಲ ದೇವಸ್ಥಾನಕ್ಕೆ 40 ರೂಪಾಯಿ ಟಿಕೆಟ್, ಅದೇ ದಿನ ಅದೇ ಟಿಕೆಟ್ಟು ಕಮಲ ಮಹಲಿಗೂ ನಡೆಯುತ್ತೆ. ಹಾಗಾಗಿ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ. ಮಾತಂಗ ಬೆಟ್ಟದ ಸೂರ್ಯೋದಯಕ್ಕೆ, ಸಾಲು ಮಂಟಪಗಳಿಗೆ, ಮಹಾನವಮಿ ದಿಬ್ಬದ ಹತ್ತಿರದ ಕಲ್ಲಿನ ಕಾಲುವೆಗಳಿಗೆ ಟಿಕೆಟ್ಟಿಲ್ಲ. ಐನೂರು ವರ್ಷದ ಹಿಂದೆ ಕಲ್ಲಲ್ಲೇ ಕಾಲುವೆ ಕಟ್ಟಿ ನೀರು ಹರಿಸಿದ್ದನ್ನ ನೋಡ್ತಾ ನಾವು ಒಂದೂವರೆ ಗಂಟೆ ಅಲ್ಲೇ ಕೂತೆವು. ಇಳಿಜಾರು ಎಷ್ಟು ಕೊಟ್ಟಿರಬಹುದು ಅಂತ ಬಾಟಲಿ ನೀರು ಸುರಿದು ನೋಡಿದವರೂ ಇದ್ದರು.

ತಲೆಗೆ ನಮ್ಮ ಲೆಕ್ಕ ಹೀಗಿತ್ತು: ಎರಡೂ ಕಡೆ ಸ್ಲೀಪರ್ ಸೇರಿ ಸುಮಾರು 670, ರೂಮಿನ ಪಾಲು 230, ಸೈಕಲ್ 100, ಟಿಕೆಟ್ 40, ಬಸ್ಸು ಚಿಲ್ಲರೆ 50, ಊಟ ತಿಂಡಿ 340. ಒಟ್ಟು 1430. ಊಟಕ್ಕೆ ಖಾನಾವಳಿಯ ರೊಟ್ಟಿ, ಸಂಜೆಗೆ ಮಂಡಕ್ಕಿ ಮಿರ್ಚಿ. ರೈಲಿನ ಮೊದಲ ರಾತ್ರಿಗೆ ಮನೆಯಿಂದ ಚಪಾತಿ, ಚಿತ್ರಾನ್ನ ಕಟ್ಟಿಸಿಕೊಂಡು ಬಂದದ್ದು ಲೆಕ್ಕದಲ್ಲಿಲ್ಲ. ಉಳಿದ ಎಪ್ಪತ್ತು ರೂಪಾಯಿ ಯಾರಿಗಾದರೂ ಹುಷಾರು ತಪ್ಪಿದರೆ ಅಂತ ಇಟ್ಟ ದುಡ್ಡು, ನಮ್ಮ ಭಾಷೆಯಲ್ಲಿ ಫ್ಯಾಕ್ಟರ್ ಆಫ್ ಸೇಫ್ಟಿ. ಬಹಳ ಕಮ್ಮಿಯೇ. ನೀವು ಇನ್ನೂ ಸ್ವಲ್ಪ ಜಾಸ್ತಿ ಇಡಿ. ಖರ್ಚಾಗದೆ ಉಳಿದಿದ್ದಕ್ಕೆ ವಾಪಸ್ ಎಲ್ಲರಿಗೂ ಯುಪಿಐ ಮಾಡಿದೆವು.

ನಿಮ್ಮ ಕನಿಷ್ಠ ಚೀಟಿ ಐನೂರರದ್ದು ಬಂದರೆ? ಬರಬಹುದು. ಆಗ ಪಾಂಡವಪುರದ ಕುಂತಿಬೆಟ್ಟ ಇದೆ. ಬಸ್ಸೋ ರೈಲೋ ಹಿಡಿದು ಬೆಳಿಗ್ಗೆ ಹೋಗಿ ಬಂಡೆ ಹತ್ತಿ, ತೊಣ್ಣೂರು ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ, ಸಂಜೆಗೆ ಹಾಸ್ಟೆಲ್. ಕೆರೆಗೆ ಮಾತ್ರ ಇಳಿಯಬೇಡಿ. ಹದಿನಾಲ್ಕರಲ್ಲಿ ಒಂಬತ್ತು ಜನ ಗೋವಾಕ್ಕೆ ಹೋಗೋದಕ್ಕಿಂತ ಹದಿನಾಲ್ಕೂ ಜನ ಕುಂತಿಬೆಟ್ಟಕ್ಕೆ ಹೋಗೋದನ್ನೇ ನಾವು ಆರಿಸ್ತಿದ್ದೆವು.

ಸಾವಿರದೈನೂರರ ಚೀಟಿ ಯಾರದ್ದು ಅಂತ ನಾವು ಹುಡುಕಲಿಲ್ಲ. ಚೀಟಿಗಳನ್ನೆಲ್ಲ ಅವತ್ತೇ ಹರಿದು ಮೆಸ್ಸಿನ ಡಬ್ಬಕ್ಕೆ ಹಾಕಿದೆವು. ಹಬ್ಬದ ಹೆಸರು ಹೇಳಿದ ಗೆಳೆಯ ಈ ಸಲ ಬಂದಿದ್ದ, ಕಿಟಕಿ ಪಕ್ಕದ ಲೋವರ್ ಬರ್ತ್ ಅವನೇ ಹಿಡಿದುಕೊಂಡ, ಯಾರಿಗೂ ಬಿಟ್ಟುಕೊಡಲಿಲ್ಲ.

ಕೊನೆಗೊಂದು ಮಾತು ಟಿಕೆಟ್ ಬಗ್ಗೆ. ರೈಲ್ವೆ ಮುಂಗಡ ಬುಕಿಂಗ್ ಈಗ 60 ದಿನಕ್ಕೆ ಇಳಿದಿದೆ, ಮೊದಲು 120 ಇತ್ತು. ಒಂದು ಟಿಕೆಟ್ಟಿನಲ್ಲಿ ಆರೇ ಜನ, ಅಂದರೆ ಹದಿನಾಲ್ಕು ಜನಕ್ಕೆ ಮೂರು ಟಿಕೆಟ್. ಮೂವರು ಮೂರು ಫೋನಲ್ಲಿ ಬುಕಿಂಗ್ ತೆರೆಯೋ ಹೊತ್ತಿಗೆ ರೆಡಿ ಕೂತಿರಿ. ಜನವರಿಯಲ್ಲಿ ಹೋಗೋದಾದರೆ ನವೆಂಬರಿನಲ್ಲೇ ಚೀಟಿ ಬರೆಸಿ.