ಟ್ರಾಫಿಕ್ ಕೋನ್ ರೆಕಾರ್ಡು ಮತ್ತು ನನ್ನ 2800 ರೂಪಾಯಿ

ಸುದ್ದಗುಂಟೆಪಾಳ್ಯದಿಂದ ಡೈರಿ ಸರ್ಕಲ್ ಕಡೆ ನಡ್ಕೊಂಡು ಹೋದ್ರೆ ಕೆಂಪು-ಬಿಳಿ ಟ್ರಾಫಿಕ್ ಕೋನ್‌ಗಳಿಗೇನೂ ಬರ ಇಲ್ಲ. ನನ್ನ ರೂಮಿನಲ್ಲೂ ಒಂದು ಕೋನ್ ಇದೆ, ಆದ್ರೆ ಅದಿರೋದು ಒಂದು ಎಲ್‌ಪಿ ರೆಕಾರ್ಡಿನ ಕವರ್ ಮೇಲೆ. ಕ್ರಾಫ್ಟ್‌ವೆರ್ಕ್ ಅನ್ನೋ ಜರ್ಮನ್ ಬ್ಯಾಂಡಿನ 1970ರ ಮೊದಲನೇ ಆಲ್ಬಮ್ಮು. ಅದಕ್ಕೆ ನಾನು ಕೊಟ್ಟ 2800 ರೂಪಾಯಿ ಪೂರ್ತಿ ದಂಡ ಆಯ್ತು. ಯಾಕೆ ದಂಡ ಅಂತ ಗೊತ್ತಾಗಿದ್ದು ನಮ್ಮ ಸಿಗ್ನಲ್ಸ್ ಕ್ಲಾಸ್ ಪುಣ್ಯದಿಂದ. ಆ ಕಥೆ ಆಮೇಲೆ ಹೇಳ್ತೀನಿ.

ಮೊದಲು ಬ್ಯಾಂಡ್ ಬಗ್ಗೆ. ಕ್ರಾಫ್ಟ್‌ವೆರ್ಕ್ ಅಂದ್ರೆ ಜರ್ಮನ್ ಭಾಷೆಯಲ್ಲಿ ವಿದ್ಯುತ್ ಸ್ಥಾವರ. (ಟ್ರಿಪಲ್ ಇ ಬ್ರಾಂಚಿನವರು ಖುಷಿಪಡಬಹುದು.) 1970ರಲ್ಲಿ ಡ್ಯುಸೆಲ್‌ಡಾರ್ಫ್ ಊರಲ್ಲಿ ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯಾನ್ ಶ್ನೈಡರ್ ಅನ್ನೋ ಇಬ್ಬರು ಶುರು ಮಾಡಿದ್ದು. 1974ರಲ್ಲಿ ಬಂದ 'ಆಟೋಬಾನ್' ಆಲ್ಬಮ್‌ನಲ್ಲಿ ಹೈವೇ ಮೇಲಿನ ಕಾರ್ ಪ್ರಯಾಣವನ್ನೇ ಸಿಂಥಸೈಜರ್‌ನಲ್ಲಿ ಕೇಳಿಸಿದ್ರು. 1977ರಲ್ಲಿ 'ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್', 1978ರಲ್ಲಿ 'ಮ್ಯಾನ್-ಮಷೀನ್', 1981ರಲ್ಲಿ 'ಕಂಪ್ಯೂಟರ್ ವರ್ಲ್ಡ್'. ಮನೆಯಲ್ಲಿ ಕಂಪ್ಯೂಟರ್ ಇಟ್ಕೊಂಡವರನ್ನ ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲದಲ್ಲಿ ಡೇಟಾ, ಬ್ಯಾಂಕು, ಪೊಲೀಸು ಅಂತ ಹಾಡು ಕಟ್ಟಿದವರು ಇವರು. ಪಾಕೆಟ್ ಕ್ಯಾಲ್ಕುಲೇಟರ್ ಮೇಲೂ ಒಂದು ಹಾಡಿದೆ, ಅದನ್ನ ಇಂಗ್ಲಿಷ್, ಜರ್ಮನ್, ಫ್ರೆಂಚ್, ಜಪಾನೀಸ್ ನಾಲ್ಕರಲ್ಲೂ ಹಾಡಿದ್ದಾರೆ. ಅದೇ 1981ರ ಟೂರ್‌ನಲ್ಲಿ ಬಾಂಬೆಗೂ ಬಂದು ನುಡಿಸಿ ಹೋದ್ರು. ಮುಂದಿನ ವರ್ಷ ನ್ಯೂಯಾರ್ಕಿನಲ್ಲಿ ಆಫ್ರಿಕಾ ಬಂಬಾಟಾ ಇವರ ಟ್ಯೂನು, ಇವರ ಬೀಟು ಎತ್ಕೊಂಡು 'ಪ್ಲಾನೆಟ್ ರಾಕ್' ಮಾಡಿದ. ನಾವು ಫೆಸ್ಟ್‌ನಲ್ಲಿ ಕುಣಿಯೋ ಎಷ್ಟೋ ಹಾಡಿನ ವಂಶಾವಳಿ ತೆಗೆದ್ರೆ ಇಲ್ಲಿಗೇ ಬಂದು ನಿಲ್ಲುತ್ತೆ.

ಈ ಹಳೇ ಆಲ್ಬಮ್‌ಗಳನ್ನ 2009ರಲ್ಲಿ ಬ್ಯಾಂಡಿನವರೇ ರೀಮಾಸ್ಟರ್ ಮಾಡಿ 'ದಿ ಕ್ಯಾಟಲಾಗ್' ಅಂತ ಎಂಟರ ಸೆಟ್ ತಂದ್ರು. ಬಿಡಿಬಿಡಿಯಾಗಿ ಎಲ್‌ಪಿಗಳೂ ಬಂದವು. 2020ರಲ್ಲಿ ಅದೇ ರೀಮಾಸ್ಟರ್‌ಗೆ ಬಣ್ಣದ ಪ್ಲಾಸ್ಟಿಕ್ ಕೊಟ್ಟು ಮತ್ತೆ ಮಾರಿದ್ರು. 2025ರಲ್ಲಿ 'ಆಟೋಬಾನ್'ಗೆ 50 ವರ್ಷ ಆಯ್ತು ಅಂತ ಪಿಕ್ಚರ್ ಡಿಸ್ಕ್ ಬಂತು, ಅಂದ್ರೆ ತಟ್ಟೆ ಮೇಲೇ ಚಿತ್ರ ಇರೋದು. ನೋಡೋಕೆ ಚೆಂದ, ಆದ್ರೆ ಪಿಕ್ಚರ್ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ ಸರಸರ ಸದ್ದು ಜಾಸ್ತಿ. ಗೋಡೆಗೆ ಹಾಕೋದಾದ್ರೆ ತಗೊಳ್ಳಿ.

ಪುಸ್ತಕದ ಮರುಮುದ್ರಣ ಅಂದ್ರೆ ಒಳಗಿನ ಅಕ್ಷರ ಅದೇ ಇರುತ್ತೆ. ರೆಕಾರ್ಡಿನ ಮರುಮುದ್ರಣ ಹಾಗಲ್ಲ. 'ರೇಡಿಯೋ-ಆ್ಯಕ್ಟಿವಿಟಿ'ಯ ಹಳೇ ಕವರ್‌ನಲ್ಲಿ ಹಳೇ ಕಾಲದ ರೇಡಿಯೋ ಸೆಟ್ ಇತ್ತು, ಹೊಸದರಲ್ಲಿ ವಿಕಿರಣದ ಎಚ್ಚರಿಕೆ ಚಿಹ್ನೆ ಇದೆ. 1986ರ 'ಎಲೆಕ್ಟ್ರಿಕ್ ಕೆಫೆ'ಗೆ ಹೆಸರೇ ಬದಲಾಗಿ 'ಟೆಕ್ನೋ ಪಾಪ್' ಆಗಿದೆ. ಸೌಂಡೂ ಬದಲು: 2009ರದ್ದು ಡಿಜಿಟಲ್ ರೀಮಾಸ್ಟರು. ಹಾಗಿದ್ರೆ ಎಲ್‌ಪಿ ಯಾಕೆ, ಫೋನಲ್ಲೇ ಕೇಳಬಹುದಲ್ವಾ ಅಂತ ನನ್ನ ರೂಮ್‌ಮೇಟ್ ಕೇಳಿದ್ಲು. ನ್ಯಾಯವಾದ ಪ್ರಶ್ನೆ. ನಾಯ್ಸ್, ಡೈನಾಮಿಕ್ ರೇಂಜ್ ಯಾವುದನ್ನ ಅಳೆದ್ರೂ ಸಿಡಿನೇ ಗೆಲ್ಲುತ್ತೆ. "ಅನಲಾಗ್ ವಾರ್ಮ್ತ್" ಅಂತ ಭಾಷಣ ಮಾಡೋರನ್ನ ನಾನು ನಂಬಲ್ಲ. 180 ಗ್ರಾಂ ಅನ್ನೋ ಸ್ಟಿಕ್ಕರನ್ನೂ ಅಷ್ಟೇ: ತಟ್ಟೆ ತೂಕ ಜಾಸ್ತಿ ಆದ ಮಾತ್ರಕ್ಕೆ ಅದರ ಗೀರು ಆಳ ಆಗಲ್ಲ.

ನನಗೆ ಹಿಡಿಸಿದ್ದು ಬೇರೆ. ಈ ತಟ್ಟೆಯಲ್ಲಿ ನಮ್ಮ ಸಿಲಬಸ್ ಕಣ್ಣಿಗೆ ಕಾಣುತ್ತೆ.

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತೆ. ಹೊರಗಿನ ಗೀರಿನ ತ್ರಿಜ್ಯ ಸುಮಾರು 146 ಮಿ.ಮೀ., ಒಳಗಿನದು ಸುಮಾರು 60 ಮಿ.ಮೀ. ಲೆಕ್ಕ ಹಾಕಿ: ಶುರುವಲ್ಲಿ ಸೂಜಿ ಕೆಳಗೆ ಸೆಕೆಂಡಿಗೆ 51 ಸೆಂ.ಮೀ. ಗೀರು ಹೋಗುತ್ತೆ, ಕೊನೆಯಲ್ಲಿ ಬರೀ 21. ಅದೇ ಒಂದು ಸೆಕೆಂಡಿನ ಸಂಗೀತ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ಕೂರಬೇಕು. ಅದಕ್ಕೇ ಕೊನೇ ಹಾಡುಗಳಲ್ಲಿ 'ಸ' 'ಶ' ಶಬ್ದಗಳು ಒಡೆದಂಗೆ ಕೇಳೋದು. ಈಗ 'ಆಟೋಬಾನ್' ಹಾಡು ತಗೊಳ್ಳಿ. ಒಂದೇ ಹಾಡು 22 ನಿಮಿಷಕ್ಕೂ ಜಾಸ್ತಿ, ಇಡೀ ಒಂದು ಸೈಡ್. ಅಂದ್ರೆ 750 ಸುತ್ತುಗಳು 86 ಮಿ.ಮೀ. ಒಳಗೆ ಹಿಡಿಸಬೇಕು, ಒಂದು ಸುತ್ತಿಗೆ 0.11 ಮಿ.ಮೀ. ಅಷ್ಟೇ ಜಾಗ. ಜೋರಾಗಿ ಕತ್ತರಿಸಿದ್ರೆ ಪಕ್ಕದ ಗೀರಿಗೇ ನುಗ್ಗುತ್ತೆ. ಹಾಗಾಗಿ ಲೆವೆಲ್ ಇಳಿಸಿ ಕತ್ತರಿಸ್ತಾರೆ.

ಬೇಸ್‌ಗಂತೂ ಇನ್ನೂ ಕಷ್ಟ, ಕಡಿಮೆ ಫ್ರೀಕ್ವೆನ್ಸಿಗೆ ಗೀರು ತುಂಬಾ ಅಗಲವಾಗಿ ಓಲಾಡುತ್ತೆ. ಅದಕ್ಕೆ ಕತ್ತರಿಸುವಾಗಲೇ ಬೇಸ್ ಇಳಿಸಿ ಟ್ರೆಬಲ್ ಏರಿಸ್ತಾರೆ, ಕೇಳುವಾಗ ಪ್ರೀಆಂಪ್ ಅದನ್ನ ಉಲ್ಟಾ ಮಾಡುತ್ತೆ. 1950ರ ದಶಕದಿಂದ ಇದಕ್ಕೆ ಆರ್‌ಐಎಎ ಅನ್ನೋ ಒಂದೇ ಸ್ಟ್ಯಾಂಡರ್ಡ್ ಕರ್ವ್ ಇದೆ. 20 ಹರ್ಟ್ಸ್‌ನಲ್ಲಿ ಸುಮಾರು 20 ಡಿಬಿ ಕೆಳಗೆ, 20 ಕಿಲೋಹರ್ಟ್ಸ್‌ನಲ್ಲಿ ಸುಮಾರು 20 ಡಿಬಿ ಮೇಲೆ. ಇದು ಗೊತ್ತಿಲ್ಲದೆ ನಾನು ಚಿಕ್ಕಪ್ಪ ಕೊಟ್ಟ ಟರ್ನ್‌ಟೇಬಲನ್ನ ಸೀದಾ ಸ್ಪೀಕರಿನ ಆಕ್ಸ್‌ಗೆ ಚುಚ್ಚಿದೆ. ಸೊಳ್ಳೆ ಹಾಡಿದಂಗೆ ಬಂತು. ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡೋದು ಒಂದೈದು ಮಿಲಿವೋಲ್ಟ್, ಜೊತೆಗೆ ಬೇಸ್ ಇಲ್ಲ. ಪಕ್ಕದಲ್ಲಿ ನಿಂತು ನೋಡ್ತಿದ್ದ ಅಮ್ಮ, "ಏನೇ ಇದು, ಈ ತಟ್ಟೆಗಾ ಮೂರೂವರೆ ಸಾವಿರ ಕೊಟ್ಟಿದ್ದು?" ಅಂದ್ರು. ಪ್ರೀಆಂಪ್ ಬರೋ ತನಕ ಎರಡು ವಾರ ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಈಗ ಕೋನ್ ಕಥೆ. ಬ್ಯಾಂಡಿನ ಮೊದಲ ಮೂರು ಆಲ್ಬಮ್, ಅಂದ್ರೆ 1970ರದ್ದು, 1972ರದ್ದು ಮತ್ತು 1973ರ 'ರಾಲ್ಫ್ ಉಂಟ್ ಫ್ಲೋರಿಯಾನ್', 2009ರ ಸೆಟ್‌ನಲ್ಲಿ ಇಲ್ಲ. ಅವುಗಳ ಅಧಿಕೃತ ಸಿಡಿಯೂ ಬಂದಿಲ್ಲ. ಇದನ್ನ ಓದಿಕೊಳ್ಳದೆ, ಆನ್‌ಲೈನ್‌ನಲ್ಲಿ "ರೀಇಶ್ಯೂ, ಸೀಲ್ಡ್" ಅಂತ ಹಾಕಿದ್ದ ಒಬ್ಬ ಮಾರಾಟಗಾರನಿಂದ ಮೊದಲನೇದನ್ನ ತರಿಸಿದೆ. ಟ್ಯೂಷನ್ ಹೇಳಿಕೊಟ್ಟು ಕೂಡಿಟ್ಟ ದುಡ್ಡು. ಕವರ್ ಪ್ರಿಂಟ್ ಸ್ವಲ್ಪ ಮಸುಕು, ಲೇಬಲ್ ಹತ್ರ ಖಾಲಿ ಜಾಗದಲ್ಲಿ ಇರಬೇಕಾದ ಮ್ಯಾಟ್ರಿಕ್ಸ್ ನಂಬರ್ ಯಾವುದಕ್ಕೂ ಹೊಂದಲ್ಲ. ಆದ್ರೂ ನಂಬೋಕೆ ಮನಸ್ಸಿತ್ತು. ಆಮೇಲೆ ಕ್ಲಾಸ್‌ನಲ್ಲಿ ಫೋರಿಯರ್ ಮಾಡಿದ ವಾರ, ರೆಕಾರ್ಡನ್ನ ಲ್ಯಾಪ್‌ಟಾಪ್‌ಗೆ ತಗೊಂಡು ಸ್ಪೆಕ್ಟ್ರೋಗ್ರಾಮ್ ತೆಗೆದೆವು. ಗೀರಿನ ಚಟಪಟ ಸದ್ದು ಮೇಲಿನ ತನಕ ಇದೆ, ಸಂಗೀತ ಮಾತ್ರ 16 ಕಿಲೋಹರ್ಟ್ಸ್ ಹತ್ರ ಚಾಕುವಲ್ಲಿ ಕುಯ್ದಂಗೆ ನಿಂತುಹೋಗಿದೆ. 1970ರ ಟೇಪ್ ಹಾಗೆ ಗೋಡೆ ಕಟ್ಟಲ್ಲ. ಕಡಿಮೆ ಬಿಟ್‌ರೇಟಿನ ಎಂಪಿ3 ಕಟ್ಟುತ್ತೆ. ಯಾರೋ ಡೌನ್‌ಲೋಡ್ ಮಾಡಿದ ಫೈಲನ್ನ ಪ್ಲಾಸ್ಟಿಕ್ ಮೇಲೆ ಒತ್ತಿ ನನಗೆ ಮಾರಿದ್ದಾರೆ. ದುಡ್ಡು ವಾಪಸ್ ಕೇಳಿದ್ರೆ ಉತ್ತರ ಇಲ್ಲ. ನೀವು ತಗೊಳ್ಳೋದಾದ್ರೆ ಆ ಮೂರರ ಹೊಸ ಕಾಪಿ ಎಲ್ಲಿ ಕಂಡ್ರೂ ಮುಟ್ಟಬೇಡಿ.

ಅಷ್ಟು ಬೈಸಿಕೊಂಡ ಮೇಲೂ ಮರುಮುದ್ರಣದ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೆ ಕಾರಣ ಚರಣ್‌ಜಿತ್ ಸಿಂಗ್. ಬಾಂಬೆ ಸಿನಿಮಾ ಆರ್ಕೆಸ್ಟ್ರಾದವರು. 1982ರಲ್ಲಿ ರೋಲ್ಯಾಂಡ್ ಕಂಪನಿಯ ಟಿಬಿ-303, ಟಿಆರ್-808, ಜುಪಿಟರ್-8 ಮೂರನ್ನ ಜೋಡಿಸಿ ಹತ್ತು ರಾಗಗಳನ್ನ ಡಿಸ್ಕೋ ಬೀಟಿಗೆ ನುಡಿಸಿ ಎಚ್‌ಎಂವಿಯಲ್ಲಿ ಎಲ್‌ಪಿ ತಂದ್ರು. ಯಾರೂ ಕೊಳ್ಳಲಿಲ್ಲ. ಅದೇ 303ರಿಂದ ಚಿಕಾಗೋದಲ್ಲಿ ಆಸಿಡ್ ಹೌಸ್ ಹುಟ್ಟಿದ್ದು ಆಮೇಲೆ, 1987ರ ಹೊತ್ತಿಗೆ. ನೆದರ್ಲ್ಯಾಂಡ್ಸ್‌ನ ಒಬ್ಬ ಸಂಗ್ರಾಹಕನಿಗೆ ಹಳೇ ಕಾಪಿ ಸಿಕ್ಕಿ, 2010ರಲ್ಲಿ ಮತ್ತೆ ಒತ್ತಿಸಿದ ಮೇಲೆ ಜಗತ್ತಿಗೆ ಗೊತ್ತಾಯ್ತು. ಸಿಂಗ್ 2015ರಲ್ಲಿ ತೀರಿಕೊಂಡ್ರು, ಅಷ್ಟರೊಳಗೆ ಯುರೋಪಿನಲ್ಲಿ ಕಛೇರಿ ಕೊಟ್ಟಿದ್ರು. ಮರುಮುದ್ರಣ ಇಲ್ಲದಿದ್ರೆ ಅದು ಯಾವುದೋ ಗುಜರಿಯಲ್ಲಿ ಹೋಗ್ತಿತ್ತು.

ನಮ್ಮೂರಲ್ಲೂ ಹೀಗೊಬ್ಬರಿದ್ದಾರೆ. ನಮ್ಮಜ್ಜಿ ಪಾಠಕ್ಕೆ ಕೂತಾಗ ಹಾಕೋ ಎಲೆಕ್ಟ್ರಾನಿಕ್ ತಂಬೂರಿ ಬೆಂಗಳೂರಿನ ರಾಡೆಲ್‌ದು. ಅದನ್ನ ಕಟ್ಟಿದ ಜಿ. ರಾಜ್ ನಾರಾಯಣ್ ಎಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಫ್ಲೋರಿಯಾನ್ ಶ್ನೈಡರ್ ಕೂಡ ಮೊದಲು ಕೊಳಲು ನುಡಿಸ್ತಿದ್ದವರೇ. ಇದನ್ನ ಅಜ್ಜಿಗೆ ಹೇಳಿ 'ಆಟೋಬಾನ್' ಹಾಕಿದೆ. ಹತ್ತು ನಿಮಿಷ ಸುಮ್ಮನೆ ಕೇಳಿ, "ಶ್ರುತಿ ಬಿಟ್ಟಿಲ್ಲ, ಪರವಾಗಿಲ್ಲ" ಅಂದ್ರು.

ಸದ್ಯ ನನ್ನ ಹತ್ರ ಅಸಲಿ ಮೂರಿವೆ, ಎರಡು ಜರ್ಮನ್ ಭಾಷೆಯವು. 1977ರಿಂದ ಇವರು ಅದೇ ಆಲ್ಬಮ್ಮನ್ನ ಜರ್ಮನ್‌ನಲ್ಲಿ ಬೇರೆ, ಇಂಗ್ಲಿಷ್‌ನಲ್ಲಿ ಬೇರೆ ಹಾಡಿ ತಂದ್ರು. ನನಗೆ ಜರ್ಮನ್ ಒಂದಕ್ಷರ ಬರಲ್ಲ, ಆದ್ರೂ ಅದೇ ಇಷ್ಟ. ಎಲ್‌ಕೆಜಿಯಿಂದ ಇಂಗ್ಲಿಷಲ್ಲೇ ಓದಿದವಳು ಇದನ್ನ ಕನ್ನಡದಲ್ಲಿ ಬರೆಯೋಕೆ ಮೂರು ಭಾನುವಾರ ತಗೊಂಡಿದ್ದೀನಿ, ಕಾರಣ ಅಲ್ಲೇ ಎಲ್ಲೋ ಇರಬೇಕು. 'ಕಂಪ್ಯೂಟರ್ ವರ್ಲ್ಡ್' ಇನ್ನೂ ಬಾಕಿ, ಸ್ಟೈಪೆಂಡ್ ಬರಲಿ. ಕೋನ್ ರೆಕಾರ್ಡನ್ನ ಬಿಸಾಕಿಲ್ಲ. ಹೊಸ ಸೂಜಿ ಹಾಕಿದಾಗ ಮೊದಲು ಇಳಿಸೋದು ಅದರ ಮೇಲೇ.